20 ಡಾಲರ್ ನೋಟಿನ ಮೇಲೆ ಕುದುರೆ ಕದ್ದವಳ ಮುಖ: ಅಪ್ಪನಿಗೆ ಏನಂತ ಹೇಳಲಿ?

ಸಿಡ್ನಿ ಶಂಕ್ರ
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಹಾಸನದಿಂದ ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಯಾವ ನೋಟು ಕೈಗೆ ಬಂದರೂ ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡದೆ ಜೇಬಿಗೆ ಹಾಕುವುದಿಲ್ಲ. ಮೊನ್ನೆ ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಬಂತು. 20 ಡಾಲರ್ ನೋಟನ್ನು ಎರಡು ಸಲ ತಿರುಗಿಸಿ, "ಪ್ಲಾಸ್ಟಿಕ್ಕು ಕಣೋ ಇದು" ಅಂದರು. ಆಮೇಲೆ, "ಈ ಕನ್ನಡಕದ ಅಜ್ಜಿ ಯಾರು? ರಾಣಿನಾ?"

ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಈ ನೋಟು ಖರ್ಚು ಮಾಡುತ್ತಿದ್ದೇನೆ, ಒಂದು ದಿನವೂ ಮುಖ ನೋಡಿಲ್ಲ. ಫೋನ್ ತೆಗೆದು ನೋಡಿದರೆ ಮೇರಿ ರೀಬಿ ಅಂತೆ. ಚಿಕ್ಕ ವಯಸ್ಸಿನಲ್ಲಿ ಕುದುರೆ ಕದ್ದು ಇಂಗ್ಲೆಂಡಿನಿಂದ ಗಡಿಪಾರಾಗಿ ಬಂದವಳಂತೆ. ಅಪ್ಪ ರಸ್ತೆಯಲ್ಲೇ ನಿಂತುಬಿಟ್ಟರು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇವರು ನೋಟನ್ನೇ ಕೊಟ್ಟುಬಿಟ್ಟಿದ್ದಾರಲ್ಲೋ!"

ಇವತ್ತು ತಿಂಡಿ ತಿನ್ನುವಾಗಲೂ ಅದೇ ಮಾತು. ತಿಳಿದವರು ಹೇಳಿ, ಅವಳು ಅಂಥದ್ದೇನು ಮಾಡಿದಳು?

ಇತಿಹಾಸ ಹುಚ್ಚ
ಶಂಕ್ರ ಅವರೇ, ಕೇಳಿದ್ದೀರಿ, ಈಗ ಅನುಭವಿಸಿ. ನನಗೆ ಚುಟುಕಾಗಿ ಬರೆಯಲು ಬರುವುದಿಲ್ಲ.

ಹುಟ್ಟುಹೆಸರು ಮೋಲಿ ಹೇಡಾಕ್. 1777ರಲ್ಲಿ ಲ್ಯಾಂಕಷೈರ್ ಸೀಮೆಯ ಬೆರಿ ಎಂಬ ಊರಿನಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಇಲ್ಲದ ಹುಡುಗಿ, ಅಜ್ಜಿ ಸಾಕಿದ್ದು. ಮನೆ ಬಿಟ್ಟು ಓಡಿಹೋದಳು. ಹುಡುಗನ ಬಟ್ಟೆ ಹಾಕಿಕೊಂಡು ಜೇಮ್ಸ್ ಬರೋ ಅಂತ ಹೆಸರಿಟ್ಟುಕೊಂಡಳು. ಆ ವೇಷದಲ್ಲೇ ಕುದುರೆ ಕಳವಿನಲ್ಲಿ ಸಿಕ್ಕಿಬಿದ್ದಳು. ಸ್ಟಾಫರ್ಡ್ ಊರಿನಲ್ಲಿ ವಿಚಾರಣೆ, ಏಳು ವರ್ಷ ಗಡಿಪಾರು. 'ರಾಯಲ್ ಅಡ್ಮಿರಲ್' ಹಡಗಿನಲ್ಲಿ 1792ರ ಅಕ್ಟೋಬರಿನಲ್ಲಿ ಸಿಡ್ನಿಗೆ ಬಂದು ಇಳಿದಾಗ ಅವಳಿಗೆ 15 ವರ್ಷ.

ಇಳಿಯುವ ಮೊದಲೇ ಹಡಗಿನಲ್ಲಿ ಕುಳಿತು ಚಿಕ್ಕಮ್ಮನಿಗೆ ಒಂದು ಪತ್ರ ಬರೆದಳು. ಅದು ಇವತ್ತಿಗೂ ಸಿಡ್ನಿಯ ಸ್ಟೇಟ್ ಲೈಬ್ರರಿಯಲ್ಲಿದೆ. ಕಾಗುಣಿತವೆಲ್ಲ ಅಡ್ಡಾದಿಡ್ಡಿ. ಜಾಗ ನೋಡಲು ಚೆನ್ನಾಗಿಯೇ ಇದೆ, ವಾರಕ್ಕೆ ನಾಲ್ಕು ಜೊತೆ ಷರಾಯಿ ಹೊಲಿಯಬೇಕಂತೆ, ಒಂದು ಪೌಂಡ್ ಅಕ್ಕಿ, ನಾಲ್ಕು ಪೌಂಡ್ ಹಂದಿಮಾಂಸ ಕೊಡುತ್ತಾರಂತೆ ಅಂತ ಬರೆದಿದ್ದಾಳೆ. ಎರಡು ಮೂರು ವರ್ಷದಲ್ಲಿ ಹೇಗಾದರೂ ಇಲ್ಲಿಂದ ಹೊರಡುವ ದಾರಿ ನೋಡುತ್ತೇನೆ ಅಂತಲೂ ಬರೆದಿದ್ದಾಳೆ. ಹೊರಟಿದ್ದು 28 ವರ್ಷ ಆದಮೇಲೆ, ಅದೂ ಶ್ರೀಮಂತೆಯಾಗಿ.

ಮಂಡ್ಯ ಗೌಡ
ಕುದುರೆ ಏನಾಯ್ತು?

ಅಡುಗೆಮನೆ ಅಂಬುಜ
ಒಂದು ಪೌಂಡ್ ಅಕ್ಕಿ ಅಂದರೆ ಅರ್ಧ ಕೆಜಿಗೂ ಕಮ್ಮಿ. ವಾರಕ್ಕೆ! ನಮ್ಮನೆಯಲ್ಲಿ ಒಂದು ಹೊತ್ತಿನ ಚಿತ್ರಾನ್ನಕ್ಕೂ ಸಾಲದು. ಆದರೂ ಅಷ್ಟು ದೂರದಲ್ಲಿ ಅಕ್ಕಿ ಎಲ್ಲಿಂದ ಬಂತು?

ಇತಿಹಾಸ ಹುಚ್ಚ
ಅಂಬುಜಮ್ಮ, ಒಳ್ಳೆ ಕಡೆ ಕೈ ಹಾಕಿದಿರಿ. ಆಗ ಸಿಡ್ನಿಯಲ್ಲಿ ಬೆಳೆ ಸಾಲದೆ ಜನ ಹಸಿವಿನಿಂದ ಸಾಯುವ ಸ್ಥಿತಿ. ಊಟಕ್ಕೆ ದಾರಿ ಅಂತ 'ಅಟ್ಲಾಂಟಿಕ್' ಎಂಬ ಹಡಗನ್ನು ಕಲ್ಕತ್ತಾಕ್ಕೆ ಕಳಿಸಿದ್ದರು. ಅದು 1792ರ ಜೂನಿನಲ್ಲಿ ವಾಪಸ್ ಬಂತು. ಏನು ತಂತು ಗೊತ್ತಾ? ಅಕ್ಕಿ, ರವೆ, ಬೇಳೆ. ಲೆಕ್ಕದ ಪುಸ್ತಕದಲ್ಲಿ ರವೆಗೆ 'ಸೂಜಿ', ಬೇಳೆಗೆ 'ದಾಲ್' ಅಂತ ಹಿಂದಿ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಮೇರಿ ಬಂದಿದ್ದು ಅದಾಗಿ ನಾಲ್ಕು ತಿಂಗಳಿಗೆ.

ಅಡುಗೆಮನೆ ಅಂಬುಜ
ಅಯ್ಯೋ! ಒಗ್ಗರಣೆ ಇಲ್ಲದ ಬೇಳೆ ತಿಂದಿರುತ್ತಾರೆ ಪಾಪ. ಅದೂ ಒಂದು ಶಿಕ್ಷೆಯೇ.

ಲಾಯರ್ ಲೋಕಿ
ಕಾನೂನಿನ ಕಡೆಯಿಂದ ಎರಡು ಮಾತು. 'ಏಳು ವರ್ಷ ಗಡಿಪಾರು' ಅಂದರೆ ಜಾಸ್ತಿಯಾಯಿತು ಅಂತ ನಮಗೆ ಅನಿಸುತ್ತದೆ. ಆ ಕಾಲಕ್ಕೆ ಅದು ರಿಯಾಯಿತಿ. ಇಂಗ್ಲೆಂಡಿನಲ್ಲಿ ಆಗ ಗಲ್ಲಿಗೆ ಹಾಕಬಹುದಾದ ಅಪರಾಧಗಳೇ ಇನ್ನೂರಕ್ಕೂ ಹೆಚ್ಚು. ಕುದುರೆ ಕಳವು ಅದರಲ್ಲಿ ಒಂದು, ಮರಣದಂಡನೆ ತೆಗೆದಿದ್ದು 1832ರಲ್ಲಿ. ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ಮಾಲು ಕದ್ದರೂ ಗಲ್ಲು. ಅದಕ್ಕೇ ಎಷ್ಟೋ ಸಲ ಜ್ಯೂರಿಯವರು ಕಣ್ಣಿಗೆ ಕಾಣುವ ಬೆಳ್ಳಿ ಬಟ್ಟಲಿಗೆ 39 ಶಿಲಿಂಗ್ ಅಂತ ಬೆಲೆ ಕಟ್ಟುತ್ತಿದ್ದರು. ಒಂದು ಶಿಲಿಂಗ್ ಕಮ್ಮಿ ಮಾಡಿ ಒಂದು ಜೀವ ಉಳಿಸುವುದು.

ಗಲ್ಲು ತಪ್ಪಿದವರನ್ನು ಇಡಲು ಜೈಲಿನಲ್ಲಿ ಜಾಗ ಇರಲಿಲ್ಲ. ಮೊದಲು ಅಮೆರಿಕಾಕ್ಕೆ ಸಾಗಿಸುತ್ತಿದ್ದರು, ಸುಮಾರು 50,000 ಜನ ಹೋಗಿದ್ದಾರೆ. ಅಮೆರಿಕಾದವರು ಜಗಳ ತೆಗೆದು ಸ್ವತಂತ್ರರಾದ ಮೇಲೆ ಆ ದಾರಿ ಮುಚ್ಚಿತು. ಹಳೇ ಹಡಗುಗಳನ್ನು ಥೇಮ್ಸ್ ನದಿಯಲ್ಲಿ ನಿಲ್ಲಿಸಿ ಅದರೊಳಗೇ ತುಂಬಿದರು. ಅದೂ ತುಂಬಿದ ಮೇಲೆ ನೆನಪಾಗಿದ್ದು ಆಸ್ಟ್ರೇಲಿಯಾ. 1788ರಿಂದ 1868ರವರೆಗೆ ಸುಮಾರು 1,62,000 ಜನರನ್ನು ತಂದು ಸುರಿದರು. ಬಹುಪಾಲು ಸಣ್ಣಪುಟ್ಟ ಕಳ್ಳರು.

ಮಲ್ನಾಡ್ ಮಳೆ
ನಮ್ಮಲ್ಲಿ ಇದನ್ನೇ ಅಲ್ವಾ ಕರಿನೀರಿನ ಶಿಕ್ಷೆ ಅನ್ನುವುದು? ನಮ್ಮಜ್ಜಿ ಯಾರಾದರೂ ಬಹಳ ದಿನ ಪತ್ತೆ ಇಲ್ಲದಿದ್ದರೆ "ಎಲ್ಲಿಗೆ ಹೋಗಿದ್ದೆ, ಅಂಡಮಾನಿಗಾ?" ಅನ್ನುತ್ತಿದ್ದರು.

ಲಾಯರ್ ಲೋಕಿ
ಅದೇ ಯಂತ್ರ, ಬೇರೆ ದಿಕ್ಕು. ಅಂಡಮಾನಿನ ವಸಾಹತು ಶುರುವಾಗಿದ್ದು 1858ರಲ್ಲಿ, 1857ರ ದಂಗೆಯ ಕೈದಿಗಳಿಂದ. ಅದಕ್ಕೂ ಮೊದಲು ಭಾರತದ ಕೈದಿಗಳನ್ನು ಪೆನಾಂಗ್, ಸಿಂಗಾಪುರಕ್ಕೆಲ್ಲ ಸಾಗಿಸಿದ್ದಾರೆ. ಆದರೆ ಅಲ್ಲಿಂದ ಮೇಲೆ ಬಂದು ನೋಟಿನಲ್ಲಿ ಕೂತವರು ಯಾರೂ ಇಲ್ಲ.

ಬೆಳಗಾವಿ ಕುಂದಾ
ಏನ್ರೀ, ಎಲ್ಲಾರೂ ಪಾಪ ಪಾಪ ಅನ್ಲಿಕ್ಕತ್ತೀರಿ. ಕುದುರೆ ಕಳಕೊಂಡವನ ಬಗ್ಗೆ ಒಬ್ಬರೂ ಮಾತಾಡವಲ್ಲಿರಿ. ಆ ಕಾಲದಾಗ ಕುದುರೆ ಅಂದ್ರ ಇವತ್ತಿನ ಟ್ರ್ಯಾಕ್ಟರ್. ಹೋದ ವರ್ಷ ನಮ್ಮ ಕಾಕಾನ ಎತ್ತಿನ ಜೋಡಿ ಕಳುವಾತು. ಮನುಷ್ಯ ಎರಡು ತಿಂಗಳು ಸರಿಯಾಗಿ ಉಣ್ಣಲಿಲ್ಲ.

ಮಂಡ್ಯ ಗೌಡ
ಅದೇ ನಾನು ಕೇಳಿದ್ದು. ಕುದುರೆ ವಾಪಸ್ ಸಿಕ್ತಾ?

ಪರ್ತ್ ಪದ್ಮಾ
ಗೌಡ್ರೆ, ನಿಮ್ಮ ಕುದುರೆ ಸ್ವಲ್ಪ ಕಟ್ಟಿಹಾಕಿ.

ಅವಳು ಬರೀ ಮಜಾಕ್ಕೆ ಸವಾರಿ ಮಾಡಿದ್ದು, ಕದ್ದಿದ್ದಲ್ಲ ಅನ್ನುವ ಕತೆ ಇಲ್ಲಿ ಮಕ್ಕಳಿಗೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ ಅಷ್ಟೇ. ಇಲ್ಲಿಯವರಿಗೆ ತಮ್ಮ ಕಳ್ಳರನ್ನು ಮುದ್ದು ಮಾಡುವ ಚಟ. ನನ್ನ ಪಕ್ಕದ ಮನೆಯ ಅಜ್ಜಿ ಪೂರ್ವಜರ ಪಟ್ಟಿ ತೆಗೆಸಿ, ಅದರಲ್ಲಿ ಒಬ್ಬ ಕುರಿಕಳ್ಳ ಸಿಕ್ಕಿದ ಅಂತ ಕೇಕ್ ಕಟ್ ಮಾಡಿಸಿದಳು! ಅದೇ ಅಜ್ಜಿಯ ಅಮ್ಮ ಅದನ್ನು ಬಾಯಿ ಬಿಟ್ಟಿರಲಿಲ್ಲವಂತೆ. ಹಿಂದೆ ಅದು ಮನೆತನದ ಕಳಂಕ, ಈಗ ಪದಕ.

ಅಂದಹಾಗೆ ನಮ್ಮ ಪಶ್ಚಿಮ ಆಸ್ಟ್ರೇಲಿಯಾದ್ದು ಇನ್ನೂ ವಿಚಿತ್ರ. 1829ರಲ್ಲಿ "ನಮ್ಮದು ಸ್ವತಂತ್ರರ ವಸಾಹತು, ಕೈದಿಗಳು ಬೇಡ" ಅಂತ ಶುರುಮಾಡಿದರು. ಕೆಲಸಕ್ಕೆ ಆಳು ಸಿಗದೆ ಇಪ್ಪತ್ತು ವರ್ಷದಲ್ಲಿ ಅವರೇ ಲಂಡನ್ನಿಗೆ ಬರೆದು ಕೈದಿಗಳನ್ನು ತರಿಸಿಕೊಂಡರು. ಫ್ರೀಮ್ಯಾಂಟಲ್ ಜೈಲನ್ನು ಕೈದಿಗಳೇ ಕಟ್ಟಿದ್ದು, ತಮಗೆ ತಾವೇ.

ಇತಿಹಾಸ ಹುಚ್ಚ
ಪದ್ಮಾ ಮೇಡಂ ಹೇಳಿದ ಕಳಂಕದ ವಿಷಯಕ್ಕೆ ಮೇರಿಯೇ ಮೊದಲ ಸಾಕ್ಷಿ. ಅದಕ್ಕೆ ಆಮೇಲೆ ಬರುತ್ತೇನೆ.

ಶಂಕ್ರ ಕೇಳಿದ್ದು ಏನು ಮಾಡಿದಳು ಅಂತ. ಬಂದ ಮೇಲೆ ಮೇಜರ್ ಗ್ರೋಸ್ ಎಂಬ ಅಧಿಕಾರಿಯ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ. 1794ರಲ್ಲಿ, 17ರ ವಯಸ್ಸಿಗೆ, ಥಾಮಸ್ ರೀಬಿ ಎಂಬ ಐರಿಷ್ ಯುವಕನನ್ನು ಮದುವೆಯಾದಳು. ಅವನು ಕೈದಿಯಲ್ಲ, ಮೊದಲು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇದ್ದವನು. ಹಾಕ್ಸ್‌ಬರಿ ನದಿ ದಡದಲ್ಲಿ ಜಮೀನು ಸಿಕ್ಕಿತು. ಅಲ್ಲಿಂದ ಸಿಡ್ನಿಗೆ ದೋಣಿಯಲ್ಲಿ ಧಾನ್ಯ ಸಾಗಿಸಿದರು. ಆಮೇಲೆ ಕಲ್ಲಿದ್ದಲು, ಮರ, ಸೀಲ್ ಚರ್ಮ. ಆಮೇಲೆ ಸ್ವಂತ ಹಡಗು, ಚೀನಾ ಮತ್ತು ಭಾರತದ ಜೊತೆ ವ್ಯಾಪಾರ. ಸಿಡ್ನಿಯಲ್ಲಿ ಕಟ್ಟಿದ ಮನೆಗೆ 'ಎಂಟಾಲಿ' ಅಂತ ಹೆಸರಿಟ್ಟರು. ಅದು ಕಲ್ಕತ್ತಾದ ಒಂದು ಬಡಾವಣೆಯ ಹೆಸರು.

1811ರಲ್ಲಿ ಗಂಡ ತೀರಿಕೊಂಡ. ಏಳು ಮಕ್ಕಳು. ವಯಸ್ಸು 33. ವ್ಯಾಪಾರದ ಪಾಲುದಾರನೂ ಅದೇ ವರ್ಷ ಸತ್ತ. ಹಡಗು, ಗೋದಾಮು, ಸಾಲ, ಬಾಕಿ ಎಲ್ಲ ಇವಳ ತಲೆಗೆ. ಮರುವರ್ಷವೇ ಜಾರ್ಜ್ ಸ್ಟ್ರೀಟಿನಲ್ಲಿ ಹೊಸ ಗೋದಾಮು ತೆರೆದಳು. 1817ರ ಹೊತ್ತಿಗೆ ಇನ್ನೂ ಎರಡು ಹಡಗು ಕೊಂಡಳು.

ಬೆಳಗಾವಿ ಕುಂದಾ
ಅಂದ್ರ ಗಂಡನ ಆಸ್ತಿ. ಆಕಿದೇನು ಹೆಚ್ಚುಗಾರಿಕೆ?

ಮಲ್ನಾಡ್ ಮಳೆ
ಕುಂದಾ ಅವರೇ, ಗಂಡ ಬಿಟ್ಟುಹೋದ ಆಸ್ತಿಯನ್ನು ಉಳಿಸಿಕೊಳ್ಳುವುದು ಸುಮ್ನೆ ಆಗುವ ಮಾತಾ? ನಮ್ಮ ಕಡೆ ತೋಟ ಇರುವ ಮನೆಯಲ್ಲಿ ಯಜಮಾನ ಹೋದ ಹದಿನೈದನೇ ದಿನಕ್ಕೆ ಭಾವಂದಿರು ಬಂದು ಕೂತಿರುತ್ತಾರೆ, ಪತ್ರಕ್ಕೆ ಸಹಿ ಹಾಕಿ ಅಂತ. ನಮ್ಮ ದೊಡ್ಡಮ್ಮ ಒಬ್ಬರೇ ನಿಂತು ಅಡಿಕೆ ಕೊನೆ ಕೊಯ್ಯಿಸುತ್ತಿದ್ದರು. ರಾತ್ರಿ ಲಾಟೀನು ಹಿಡಿದು ಚಪ್ಪರದ ಮೇಲೆ ಒಣಹಾಕಿದ ಅಡಿಕೆ ಕಾಯುತ್ತಿದ್ದರು. ಊರವರು ಅವರನ್ನು 'ಗಂಡುಬೀರಿ' ಅಂದರೇ ಹೊರತು ಹೆಚ್ಚುಗಾರಿಕೆ ಅಂತ ಯಾರೂ ಅನ್ನಲಿಲ್ಲ.

ಬೆಳಗಾವಿ ಕುಂದಾ
ಆತು ತಂಗಿ, ತಪ್ಪಾತು. ದೊಡ್ಡಮ್ಮಗ ನಮಸ್ಕಾರ.

ಲಾಯರ್ ಲೋಕಿ
ಉಳಿಸಿಕೊಂಡಿದ್ದು ಹೇಗೆ ಅಂತಲೂ ಕೇಳಿ. 1817ರ ಮೇ ತಿಂಗಳಲ್ಲಿ ಅವಳ ಮೇಲೆ ಹಲ್ಲೆಯ ಅಪರಾಧ ಸಾಬೀತಾಯಿತು. ಹೊಡೆದಿದ್ದು ಯಾರಿಗೆ? ಅವಳಿಗೆ ಸಾಲ ಬಾಕಿ ಇಟ್ಟುಕೊಂಡಿದ್ದವನಿಗೆ.

ಸಿಡ್ನಿ ಶಂಕ್ರ
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲ ಸಲ ನಕ್ಕರು. "ಹಾಗಾದ್ರೆ ನಮ್ಮ ರಿಕವರಿ ಸೆಕ್ಷನ್ನಿನವಳು" ಅಂದರು.

ಇತಿಹಾಸ ಹುಚ್ಚ
ನಿಮ್ಮಪ್ಪನಿಗೆ ಇದನ್ನೂ ಹೇಳಿ. ಅವಳು ಸಾಲಗಾರನಿಗೆ ಬಾರಿಸಿದ್ದು ಮೇ ತಿಂಗಳಲ್ಲಿ. ಅದಕ್ಕೆ ಒಂದು ತಿಂಗಳ ಹಿಂದೆ, 1817ರ ಏಪ್ರಿಲ್ 8ಕ್ಕೆ, ಆಸ್ಟ್ರೇಲಿಯಾದ ಮೊಟ್ಟಮೊದಲ ಬ್ಯಾಂಕು ಬಾಗಿಲು ತೆರೆಯಿತು. ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್. ಈಗ ಅದರ ಹೆಸರು ವೆಸ್ಟ್‌ಪ್ಯಾಕ್. ತೆರೆದಿದ್ದು ಮ್ಯಾಕ್ವಾರಿ ಪ್ಲೇಸ್ ಎಂಬಲ್ಲಿ, ಮೇರಿ ರೀಬಿಯ ಕಟ್ಟಡದಲ್ಲಿ, ಬಾಡಿಗೆಗೆ.

ಸಿಡ್ನಿ ಶಂಕ್ರ
ಅಯ್ಯೋ ದೇವರೇ. ನನ್ನ ಸಂಬಳ ಬರುವ ಖಾತೆ ಅದರಲ್ಲೇ ಇದೆ.

ಕಾವೇರಿ ತೀರ
ಮ್ಯಾಕ್ವಾರಿ ಅಂದಿರಲ್ಲ, ಇದು ಆ ಗವರ್ನರ್ ಲಾಕ್ಲನ್ ಮ್ಯಾಕ್ವಾರಿಯಾ? ನಾನು ಶ್ರೀರಂಗಪಟ್ಟಣದವನು. ಆ ಮನುಷ್ಯ ನಮ್ಮೂರಿಗೆ ಎರಡು ಸಲ ಬಂದಿದ್ದಾನೆ, ಎರಡೂ ಸಲ ಕರೆಯದೆ! 1792ರ ಮುತ್ತಿಗೆಯಲ್ಲಿ ಇದ್ದ, 1799ರಲ್ಲಿ ಟಿಪ್ಪು ಸತ್ತಾಗಲೂ ಕಂಪನಿ ಸೈನ್ಯದ ಕಡೆ ಇದ್ದ. ಮುಂಬಯಿ ಕಡೆಯ ದಂಡಿನವನು.

ಇತಿಹಾಸ ಹುಚ್ಚ
ಅವನೇ. 1810ರಿಂದ 1821ರವರೆಗೆ ಇಲ್ಲಿ ಗವರ್ನರ್. ಶಿಕ್ಷೆ ಮುಗಿದವರು ಎಲ್ಲರಂತೆಯೇ ಅನ್ನುವುದು ಅವನ ವಾದ. ಅವರನ್ನು ತನ್ನ ಊಟದ ಮೇಜಿಗೇ ಕರೆದು ಕೂರಿಸುತ್ತಿದ್ದ. ಸ್ವಂತ ಖರ್ಚಿನಲ್ಲಿ ಬಂದ ದೊಡ್ಡ ಮನೆತನದವರಿಗೆ ಮೈ ಉರಿಯುತ್ತಿತ್ತು. ಕೈದಿಗಳ ಪಂಕ್ತಿಯಲ್ಲಿ ನಾವು ಉಣ್ಣಬೇಕಾ ಅಂತ.

ಮಲ್ನಾಡ್ ಮಳೆ
ಪಂಕ್ತಿಭೇದ ಅಲ್ಲೂ ಇತ್ತು ಅನ್ನಿ!

ಕಾವೇರಿ ತೀರ
ಅಷ್ಟೊಂದು ಹೊಗಳಬೇಡಿ ಸರ್. ಇದೇ ಸಮಾನತೆಯ ಮನುಷ್ಯ 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಹುಡುಗರನ್ನು ದುಡ್ಡು ಕೊಟ್ಟು ಕೊಂಡಿದ್ದಾನೆ. ಜಾರ್ಜ್ ಅಂತ ಹೆಸರಿಟ್ಟ ಒಬ್ಬ ಕೊನೆಯವರೆಗೂ ಅವನ ಸೇವಕನಾಗಿ ಸಿಡ್ನಿಯಲ್ಲೂ ಇದ್ದ.

ಪರ್ತ್ ಪದ್ಮಾ
ನನಗೂ ಇದೇ ಹೇಳಬೇಕಿತ್ತು. ಇಡೀ ಚರ್ಚೆಯಲ್ಲಿ ಒಂದು ಕುದುರೆಯ ಕಳವಿನ ಬಗ್ಗೆ ಇಷ್ಟು ಮಾತಾಡಿದ್ದೇವೆ. ಹಾಕ್ಸ್‌ಬರಿ ದಡದ ಜಮೀನು 'ಸಿಕ್ಕಿತು' ಅಂತ ಹುಚ್ಚ ಅವರು ಒಂದೇ ಪದದಲ್ಲಿ ದಾಟಿಸಿಬಿಟ್ಟರು. ಯಾರದ್ದು ಸಿಕ್ಕಿದ್ದು? ಅದು ಅಲ್ಲಿನ ಮೂಲನಿವಾಸಿಗಳಾದ ದಾರಗ್ ಜನರ ನೆಲ. ಅವರು ಆ ನದಿಯನ್ನು ಡ್ಯಾರಬಿನ್ ಅನ್ನುತ್ತಾರೆ. ದಡದ ಮೆತ್ತನೆ ಮಣ್ಣಿನಲ್ಲಿ ಒಂದು ಜಾತಿಯ ಗೆಣಸು ಬೆಳೆಯುತ್ತಿತ್ತು, ಅದೇ ಅವರ ಊಟ. ವಲಸೆ ಬಂದವರು ಗೆಣಸು ಕಿತ್ತು ಮೆಕ್ಕೆಜೋಳ ಹಾಕಿದರು. ಹಸಿದವರು ಜೋಳದ ತೆನೆ ಮುರಿದುಕೊಂಡರೆ ಅದಕ್ಕೆ 'ಕಳವು' ಅಂತ ಹೆಸರು, ಗುಂಡು ಹೊಡೆಯುವುದು. 1794ರಿಂದ ಇಪ್ಪತ್ತು ವರ್ಷ ಅಲ್ಲಿ ಅದೇ ಕಾದಾಟ. 1816ರ ಏಪ್ರಿಲಿನಲ್ಲಿ ಇದೇ ಮ್ಯಾಕ್ವಾರಿ ಕಳಿಸಿದ ಸೈನಿಕರು ಆಪಿನ್ ಎಂಬಲ್ಲಿ ಕಡಿಮೆಯೆಂದರೂ 14 ಜನರನ್ನು ಕೊಂದರು.

ಶಂಕ್ರ, ನಿಮ್ಮಪ್ಪ 'ಕಳ್ಳಿ' ಅನ್ನಲಿ, ಬೇಡ ಅನ್ನುವುದಿಲ್ಲ. ಆದರೆ ಕುದುರೆಗಷ್ಟೇ ಅನ್ನಬೇಡಿ ಅಂತ ಹೇಳಿ.

ಇತಿಹಾಸ ಹುಚ್ಚ
ಒಪ್ಪಿದೆ. 'ಸಿಕ್ಕಿತು' ಅಂತ ಬರೆದಿದ್ದು ನನ್ನ ತಪ್ಪು. ಸರ್ಕಾರ ಕೊಟ್ಟಿತು, ಸರ್ಕಾರಕ್ಕೆ ಯಾರೂ ಕೊಟ್ಟಿರಲಿಲ್ಲ.

ಮಂಡ್ಯ ಗೌಡ
ಪದ್ಮಕ್ಕ ಹೇಳಿದ್ದು ಸರಿ. ನಮ್ಮ ತಾತನ ಗದ್ದೆ ಕಾಲುವೆಗೆ ಹೋದಾಗ ಅದಕ್ಕೂ 'ಸ್ವಾಧೀನ' ಅಂತ ಹೆಸರಿತ್ತು. ಆದರೂ ಪರಿಹಾರ ಅಂತ ಏನೋ ಒಂದಿಷ್ಟು ಬಂತು.

ಬೆಂಗ್ಳೂರ್ ಬಸ್ಸು
ತಡವಾಗಿ ಬಂದೆ, ಕ್ಷಮಿಸಿ. ಮೇರಿ ರೀಬಿಗಿಂತ ಮೇರಿ ವೇಡ್ ಕತೆ ನನಗೆ ಜಾಸ್ತಿ ಕಾಡುತ್ತದೆ. ಲಂಡನ್ನಿನ ಬೀದಿಯಲ್ಲಿ ಕಸ ಗುಡಿಸಿ, ಬೇಡಿ ತಿನ್ನುವ ಹುಡುಗಿ. ಇನ್ನೊಂದು ಚಿಕ್ಕ ಹುಡುಗಿಯ ಲಂಗ, ಟೋಪಿ ಬಿಚ್ಚಿಸಿಕೊಂಡು ಓಡಿದಳು. 1789ರ ಜನವರಿಯಲ್ಲಿ ಗಲ್ಲುಶಿಕ್ಷೆ ಆಯಿತು. ವಯಸ್ಸು ಹನ್ನೊಂದು! ಎರಡು ತಿಂಗಳಲ್ಲಿ ರಾಜ ಮೂರನೇ ಜಾರ್ಜ್‌ನ ಹುಚ್ಚು ಬಿಟ್ಟಿತು ಅಂತ ಊರೆಲ್ಲ ಹಬ್ಬ. ಆ ಖುಷಿಯಲ್ಲಿ ಗಲ್ಲು ತಪ್ಪಿಸಿ ಗಡಿಪಾರು ಮಾಡಿದರು. ಮುಂದೆ ಅವಳ ಸಂತತಿಯಲ್ಲೇ ಆಸ್ಟ್ರೇಲಿಯಾದ ಒಬ್ಬ ಪ್ರಧಾನಿ ಬಂದ, ಕೆವಿನ್ ರಡ್.

ಅಡುಗೆಮನೆ ಅಂಬುಜ
ಹನ್ನೊಂದು ವರ್ಷ. ನನ್ನ ಮೊಮ್ಮಗಳ ವಯಸ್ಸು. ಅವಳಿಗೆ ಇನ್ನೂ ತಲೆ ಬಾಚಿಕೊಳ್ಳಲು ಬರುವುದಿಲ್ಲ.

ಬೆಂಗ್ಳೂರ್ ಬಸ್ಸು
ಪ್ರಯಾಣದಲ್ಲೇ ಸತ್ತವರ ಕತೆ ಬೇರೆ. 1790ರಲ್ಲಿ ಎರಡನೇ ಸಲ ದೊಡ್ಡದಾಗಿ ಕೈದಿಗಳನ್ನು ತಂದಾಗ ಮೂರು ಹಡಗುಗಳಲ್ಲಿ ಸುಮಾರು ಕಾಲು ಭಾಗ ಜನ ದಾರಿಯಲ್ಲೇ ಹೋದರು. ಗುತ್ತಿಗೆ ಹಿಡಿದವರು ಗುಲಾಮರನ್ನು ಸಾಗಿಸಿ ಪಳಗಿದ್ದ ಕಂಪನಿ. ಸರ್ಕಾರ ದುಡ್ಡು ಕೊಟ್ಟಿದ್ದು ಹಡಗು ಹತ್ತಿದ ತಲೆಗೆ, ಇಳಿದ ತಲೆಗಲ್ಲ. ದಾರಿಯಲ್ಲಿ ಸತ್ತವನ ಊಟ ಅವರಿಗೆ ಲಾಭ.

ಲಾಯರ್ ಲೋಕಿ
ಟೆಂಡರ್ ಬರೆಯುವಾಗ ಒಂದು ಪದ ತಪ್ಪಿದರೆ ಹೀಗಾಗುತ್ತದೆ.

ಸಿಡ್ನಿ ಶಂಕ್ರ
ಹುಚ್ಚ ಸರ್, ಕಳಂಕದ ವಿಷಯಕ್ಕೆ ಆಮೇಲೆ ಬರುತ್ತೇನೆ ಅಂದಿದ್ದಿರಿ.

ಇತಿಹಾಸ ಹುಚ್ಚ
ಹೌದು, ಅದೇ ನನಗೆ ಇಷ್ಟದ ಭಾಗ. 1820ರಲ್ಲಿ ಮೇರಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಳು. ಓಡಿಹೋದ ಅದೇ ಲ್ಯಾಂಕಷೈರಿಗೆ. ಮರುವರ್ಷ ಸಿಡ್ನಿಗೆ ವಾಪಸ್. 1828ರಲ್ಲಿ ಜನಗಣತಿ ನಡೆಯಿತು. ಅದರಲ್ಲಿ ಪ್ರತಿಯೊಬ್ಬರೂ ತಾವು ಕೈದಿಯಾಗಿ ಬಂದೆವೋ, ಸ್ವತಂತ್ರರಾಗಿ ಬಂದೆವೋ, ಯಾವ ವರ್ಷ ಅಂತ ಬರೆಸಬೇಕಿತ್ತು. ಮೇರಿ ಬರೆಸಿದ್ದು: 'ಸ್ವತಂತ್ರಳಾಗಿ ಬಂದೆ, 1821'.

ಸುಳ್ಳು ಅನ್ನಲು ಆಗುತ್ತದಾ? 1821ರಲ್ಲಿ ಅವಳು ಬಂದಿದ್ದು ನಿಜ. ಸ್ವತಂತ್ರಳಾಗಿಯೇ ಬಂದಿದ್ದೂ ನಿಜ.

ಲಾಯರ್ ಲೋಕಿ
ಆಹಾ. ಇಂಥ ಕಕ್ಷಿದಾರರು ಸಿಗಬೇಕು ನಮಗೆ.

ಬೆಳಗಾವಿ ಕುಂದಾ
ಕುದುರಿ ಕದ್ದಾಗ ಸಿಕ್ಕೊಂಡ್ಲು, 1792 ಕದ್ದಾಗ ಸಿಗಲಿಲ್ಲ!

ಮಲ್ನಾಡ್ ಮಳೆ
ಬೇಕಾಗಿತ್ತು ಬಿಡಿ ಅವಳಿಗೆ. ಹೆಣ್ಣುಮಕ್ಕಳ ಮದುವೆ, ಮೊಮ್ಮಕ್ಕಳು ಎಲ್ಲ ನೋಡಬೇಕಲ್ಲ.

ಇತಿಹಾಸ ಹುಚ್ಚ
ಮೊಮ್ಮಗ ಟಾಸ್ಮೇನಿಯಾದ ಪ್ರೀಮಿಯರ್ ಆದ, 1876ರಲ್ಲಿ. ಅವನ ಹೆಸರೂ ಥಾಮಸ್ ರೀಬಿ. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ.

ಕಾವೇರಿ ತೀರ
ಶಂಕ್ರ, ಕ್ಯಾಷಿಯರ್ ಅಪ್ಪನಿಗೆ ಇನ್ನೊಂದು. ಆಗ ಸಿಡ್ನಿಯಲ್ಲಿ ಚಿಲ್ಲರೆಯೇ ಇರಲಿಲ್ಲ, ರಮ್ಮಿನಲ್ಲೇ ವ್ಯವಹಾರ. ಮ್ಯಾಕ್ವಾರಿಗೆ 1812ರಲ್ಲಿ 40,000 ಸ್ಪ್ಯಾನಿಷ್ ಬೆಳ್ಳಿ ನಾಣ್ಯ ಬಂತು. ಎಲ್ಲಿಂದ? ನಮ್ಮ ಪಕ್ಕದ ಮದ್ರಾಸಿನಿಂದ. ನಾಣ್ಯ ಊರು ಬಿಟ್ಟು ಹೋಗಬಾರದು ಅಂತ ನಡುವೆ ತೂತು ಹೊಡೆಸಿದ, ನಮ್ಮ ಉದ್ದಿನವಡೆ ಥರ. ಹೊರಗಿನ ಬಳೆ ಐದು ಶಿಲಿಂಗ್, ಒಳಗಿನ ಬಿಲ್ಲೆ 15 ಪೆನ್ಸ್. ತೂತು ಹೊಡೆಯುವ ಕೆಲಸಕ್ಕೆ ಇಟ್ಟುಕೊಂಡಿದ್ದು ವಿಲಿಯಂ ಹೆನ್ಷಲ್ ಎಂಬವನನ್ನು. ಅವನು ಗಡಿಪಾರಾಗಿ ಬಂದಿದ್ದೇ ಖೋಟಾ ನಾಣ್ಯದ ಕೇಸಿನಲ್ಲಿ.

ಪರ್ತ್ ಪದ್ಮಾ
ಅಷ್ಟೇ ಯಾಕೆ, 1966ರಲ್ಲಿ ಬಂದ ಮೊದಲ 10 ಡಾಲರ್ ನೋಟಿನ ಮೇಲೆ ಇದ್ದವನು ಫ್ರಾನ್ಸಿಸ್ ಗ್ರೀನ್‌ವೇ. ವಾಸ್ತುಶಿಲ್ಪಿ. ಬಂದಿದ್ದು ಯಾವ ಕೇಸಿನಲ್ಲಿ? ಖೋಟಾ ದಾಖಲೆ ಸೃಷ್ಟಿಸಿದ್ದಕ್ಕೆ. ಖೋಟಾ ಮಾಡಿದವನ ಮುಖ ನೋಟಿನ ಮೇಲೆ!

ಸಿಡ್ನಿ ಶಂಕ್ರ
ಇದನ್ನು ಅಪ್ಪನಿಗೆ ಹೇಳಬಾರದಿತ್ತು. ರಾತ್ರಿ ಚಪಾತಿ ಅರ್ಧಕ್ಕೆ ಬಿಟ್ಟು ಎದ್ದರು. "ಕುದುರೆ ಕದ್ದವಳನ್ನ ಕ್ಷಮಿಸ್ತೀನಿ. ಖೋಟಾದವನು ನೋಟಿನ ಮೇಲಾ? ನಲವತ್ತು ವರ್ಷ ನಾನು ಮಾಡಿದ ಕೆಲಸ ಏನು ಹಾಗಾದ್ರೆ?"

ಅಡುಗೆಮನೆ ಅಂಬುಜ
ಪಾಪ. ನಾಳೆ ಅವರಿಗೆ ಏನಾದರೂ ಸಿಹಿ ಮಾಡಿಕೊಡಿ.

ಸಿಡ್ನಿ ಶಂಕ್ರ
ಅಪ್‌ಡೇಟ್. ಶನಿವಾರ ಅಪ್ಪನನ್ನು ಮ್ಯಾಕ್ವಾರಿ ಪ್ಲೇಸಿಗೆ ಕರೆದುಕೊಂಡು ಹೋದೆ. ಈಗ ಅದು ಗಾಜಿನ ಕಟ್ಟಡಗಳ ನಡುವೆ ಒಂದು ಪುಟ್ಟ ಪಾರ್ಕು. ಪಕ್ಕದ ಸಂದಿಗೆ ರೀಬಿ ಪ್ಲೇಸ್ ಅಂತ ಹೆಸರು, ಆಫೀಸಿನವರು ಅಲ್ಲಿ ನಿಂತು ಕಾಫಿ ಕುಡಿಯುತ್ತಾರೆ. ಪಾರ್ಕಿನಲ್ಲಿ ಒಂದು ಕಲ್ಲಿನ ಕಂಬ ಇದೆ. ಸಿಡ್ನಿಯಿಂದ ಎಲ್ಲ ಊರಿನ ದೂರ ಅಳೆಯುತ್ತಿದ್ದುದು ಅದರಿಂದಲೇ. ಪ್ಯಾರಮಟ್ಟಾ 15½ ಮೈಲಿ, ಬಾಥರ್ಸ್ಟ್ 137 ಮೈಲಿ ಅಂತ ಕೆತ್ತಿದ್ದಾರೆ. ಅಪ್ಪ ಕನ್ನಡಕ ಏರಿಸಿಕೊಂಡು ಪ್ರತಿ ಊರನ್ನೂ ಓದಿದರು. ಅಕ್ಷರದ ಮೇಲೆ ಬೆರಳು ಆಡಿಸಿ, "ಕೆಲಸ ಚೆನ್ನಾಗಿದೆ, ಯಾರು ಮಾಡಿದ್ದು?" ಅಂದರು.

ಗ್ರೀನ್‌ವೇ. ಖೋಟಾದವನು. ನಾನು ಗೊತ್ತಿಲ್ಲ ಅಂದೆ.

ಆಮೇಲೆ ಬೆಂಚಿನಲ್ಲಿ ಕೂತು 20 ಡಾಲರ್ ನೋಟು ತೆಗೆದು ಅವಳನ್ನು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದ್ದು: "ಬ್ಯಾಂಕಿನವರು ಈಯಮ್ಮನಿಗೆ ಬಾಡಿಗೆ ಸರಿಯಾಗಿ ಕೊಡ್ತಿದ್ರಂತಾ?"

ಲಾಯರ್ ಲೋಕಿ
ಕೊಡದೆ ಇರುತ್ತಾರಾ? ಮೇ ತಿಂಗಳ ಸುದ್ದಿ ಅವರೂ ಕೇಳಿರುತ್ತಾರೆ.

ಮಂಡ್ಯ ಗೌಡ
ಎಲ್ಲಾ ಸರಿ. ಕುದುರೆ?